ಮಾರುತಿ 800 ಮಾಡಿಫಿಕೇಶನ್: ಪಿಕಪ್‌ಗೂ ಮೊದಲು ಹಿಡಿತ

ಹಳೆಯ ಮಾರುತಿ 800 ಕೈಗೆ ಬಂದ ಕೂಡಲೇ ಎಲ್ಲರಿಗೂ ಎಂಜಿನ್ ಮೇಲೆಯೇ ಕಣ್ಣು. ನಾನು ಹಿಡಿಯುವ ಕ್ರಮ ಬೇರೆ. ಮೊದಲು ತುಕ್ಕು, ಆಮೇಲೆ ಬುಷ್ (ಕೀಲುಗಳಲ್ಲಿ ಕೂರುವ ರಬ್ಬರು) ಮತ್ತು ಸ್ಪ್ರಿಂಗ್, ನಂತರ ಬ್ರೇಕ್, ಚಕ್ರ. ಎಂಜಿನ್ ಸರದಿ ಕೊನೆಗೆ. 1986ರಲ್ಲಿ ಬಂದ ಎರಡನೇ ರೂಪದ 800 ಸುಮಾರು 650 ಕೆ.ಜಿ. ತೂಗುತ್ತದೆ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಕೊಡುವುದು 40 ಎಚ್‌ಪಿಗಿಂತ ಕಡಿಮೆ. ಇಷ್ಟು ಹಗುರವಾದ ಗಾಡಿಯಲ್ಲಿ ಸುಖವಿರುವುದು ತಿರುವಿಗೆ ತಿರುಗುವ ಚುರುಕಿನಲ್ಲಿ. ಆ ಚುರುಕನ್ನು ಕೊಲ್ಲುವುದು ಸವೆದ ರಬ್ಬರು ಮತ್ತು ಬೇಡದ ತೂಕ. ಇಲ್ಲಿ ಬರೆಯುತ್ತಿರುವುದು ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಗಾಡಿಗಳ ಬಗ್ಗೆ.

ತುಕ್ಕು ನೋಡುವಾಗ ಹೊರಗಿನ ಪೇಂಟ್ ನಂಬಬಾರದು. ಕಾರ್ಪೆಟ್ ಎತ್ತಿ ಕಾಲಿಡುವ ಜಾಗ, ಬ್ಯಾಟರಿ ಟ್ರೇ ಕೆಳಗೆ, ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಶಾಕಪ್ ಕೂಡಿದ ಕಂಬ) ಕೂರುವ ಗುಮ್ಮಟ, ಹಿಂದಿನ ಸ್ಪ್ರಿಂಗ್ ಕೂರುವ ತಟ್ಟೆ, ಜಾಕಿ ಕೊಡುವ ಅಂಚು, ಸ್ಟೆಪ್ನಿ ಗುಂಡಿ ಎಲ್ಲವನ್ನೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡುತ್ತೇನೆ. ಟಣ್ ಅನ್ನಬೇಕು, ಬೊದ್ದು ಶಬ್ದ ಬಂದರೆ ಒಳಗೆ ಪುಟ್ಟಿ ಇದೆ ಎಂದೇ ಲೆಕ್ಕ. ಸಣ್ಣ ಅಯಸ್ಕಾಂತ ಹಿಡಿದರೆ ಪುಟ್ಟಿ ಬಳಿದ ಜಾಗದಲ್ಲಿ ಅದು ಕಚ್ಚುವುದಿಲ್ಲ. ಮಂಗಳೂರು, ಉಡುಪಿ ಕಡೆಯ ಗಾಡಿಯಾದರೆ ಉಪ್ಪುಗಾಳಿಗೆ ತಳ ಕರಗಿರುವ ಸಾಧ್ಯತೆ ಹೆಚ್ಚು, ಲಿಫ್ಟ್ ಮೇಲೆ ಏರಿಸದೆ ವ್ಯಾಪಾರ ಮುಗಿಸಬಾರದು. ತೂತಿನ ಮೇಲೆ ತೇಪೆ ಹಾಕಿದರೆ ಎರಡು ತಗಡಿನ ನಡುವೆ ನೀರು ನಿಂತು ತುಕ್ಕು ಇನ್ನೂ ಬೇಗ ಹರಡುತ್ತದೆ. ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ, 0.8ರಿಂದ 1 ಮಿ.ಮೀ. ತಗಡನ್ನು ಮಿಗ್ ವೆಲ್ಡಿಂಗ್‌ನಲ್ಲಿ ಚುಕ್ಕೆ ಚುಕ್ಕೆಯಾಗಿ ಕೂರಿಸಬೇಕು. ಒಂದೇ ಎಳೆಯಲ್ಲಿ ಎಳೆದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ಎರಡೂ ವೈರ್ ಕಳಚಿ. ಆಮೇಲೆ ಝಿಂಕ್ ಪ್ರೈಮರ್, ಸೀಲರ್, ಟೊಳ್ಳು ಜಾಗಗಳಿಗೆ ಮೇಣದ ಸ್ಪ್ರೇ.

ಸಸ್ಪೆನ್ಷನ್‌ನಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದಿರಬೇಕು. 800ರ ಮುಂದಿನ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಹಿಂದೆ ಮುಂದೆ ಜರುಗದಂತೆ ಹಿಡಿದಿರುವುದು ಎರಡೂ ಕಡೆಯನ್ನು ಜೋಡಿಸುವ ಸರಳು, ಅಂದರೆ ಸ್ಟೆಬಿಲೈಸರ್ ಬಾರ್. ಅದರ ಬುಷ್ ಹೋಗಿದ್ದರೆ ಬ್ರೇಕ್ ಒತ್ತಿದಾಗ ಚಕ್ರವೇ ಹಿಂದಕ್ಕೆ ಸರಿಯುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ. ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದರೂ ನಿಲ್ಲುವುದಿಲ್ಲ. ಆದ್ದರಿಂದ ಆ ಬುಷ್‌ಗಳು, ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಸ್ಟ್ರಟ್ ಮೌಂಟ್ ಎಲ್ಲ ಒಟ್ಟಿಗೇ ಹೊಸದು ಹಾಕುತ್ತೇನೆ. ಆರ್ಮ್ ಬೋಲ್ಟ್‌ಗಳನ್ನು ಕೊನೆಯ ಬಿಗಿ ಮಾಡುವಾಗ ಗಾಡಿಯ ಭಾರ ಚಕ್ರಗಳ ಮೇಲಿರಬೇಕು. ಜಾಕಿ ಮೇಲೆ ನೇತಾಡುವಾಗ ಬಿಗಿದರೆ ಗಾಡಿ ಕೆಳಗಿಳಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಗಾಡಿ ತಗ್ಗಿಸುವ ಆಸೆ ಎಲ್ಲರಿಗೂ. ನಮ್ಮ ಹಂಪ್‌ಗಳ ರಸ್ತೆಗೆ 25ರಿಂದ 30 ಮಿ.ಮೀ. ಸಾಕು. ಸ್ಪ್ರಿಂಗನ್ನು ಗ್ಯಾಸ್‌ನಿಂದ ಕಾಯಿಸಿ ಕೂರಿಸುವುದನ್ನು ನಾನು ಒಪ್ಪುವುದೇ ಇಲ್ಲ. ಉಕ್ಕಿನ ಹದ ಹೋಗಿ ಅದು ಕುಸಿಯುತ್ತಲೇ ಹೋಗುತ್ತದೆ. ಕತ್ತರಿಸಿದರೂ ಲೆಕ್ಕವಿದೆ: ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದು ತೆಗೆದರೆ ಸ್ಪ್ರಿಂಗ್ 20% ಗಡುಸಾಗುತ್ತದೆ, ಹಳೆಯ ಶಾಕಪ್ ಅದನ್ನು ತಡೆಯಲಾರದೆ ಗಾಡಿ ಕುಣಿಯುತ್ತದೆ. ಚಕ್ರ ಪೂರ್ತಿ ನೇತಾಡಿದಾಗಲೂ ಸ್ಪ್ರಿಂಗ್ ತನ್ನ ತಟ್ಟೆಯಲ್ಲಿ ಬಿಗಿಯಾಗಿ ಕೂತಿರಬೇಕು. ಅಲ್ಲಾಡಿದರೆ ಆ ಸ್ಪ್ರಿಂಗ್ ಬೇಡ.

ತಗ್ಗಿಸಿದ ಮೇಲೆ ಹಿಂದಿನಿಂದ ನೋಡಿದರೆ ಒಂದು ಚಕ್ರ ಸ್ವಲ್ಪ ಹೊರಗೆ ಬಂದಂತೆ ಕಾಣಬಹುದು. ಹಿಂದಿನ ಆಕ್ಸಲನ್ನು ಅಡ್ಡಲಾಗಿ ಹಿಡಿದಿರುವ ರಾಡು ಒಂದು ತುದಿಯಲ್ಲಿ ಗಾಡಿಯ ಮೈಗೆ, ಇನ್ನೊಂದರಲ್ಲಿ ಆಕ್ಸಲ್‌ಗೆ ಕೂತಿದೆ. ಎತ್ತರ ಬದಲಾದಾಗ ಅದರ ಓರೆ ಬದಲಾಗಿ ಆಕ್ಸಲ್ ಪಕ್ಕಕ್ಕೆ ಸರಿಯುತ್ತದೆ. 30 ಮಿ.ಮೀ. ತಗ್ಗಿಸಿದ್ದಕ್ಕೆ ಆಗುವ ವ್ಯತ್ಯಾಸ ಕೆಲವೇ ಮಿ.ಮೀ. ಎರಡೂ ಕಡೆ ಫೆಂಡರ್ ಅಂಚಿನಿಂದ ತೂಕದ ದಾರ ಇಳಿಬಿಟ್ಟು ರಿಮ್‌ವರೆಗಿನ ಅಂತರ ಅಳೆಯಿರಿ. ಹತ್ತು ಮಿ.ಮೀ. ದಾಟಿದರೆ ಕಾರಣ ತಗ್ಗಿಸಿದ್ದಲ್ಲ. ರಾಡು ಬಾಗಿದೆ, ಬುಷ್ ತಿಂದಿದೆ, ಇಲ್ಲವೇ ಗಾಡಿಗೆ ಹಿಂದೆ ಏಟು ಬಿದ್ದಿದೆ.

ಚಕ್ರಕ್ಕೆ ಬಂದರೆ, ಮೂಲ ಟೈರ್ 145/70 ಆರ್12, ಹೊರವ್ಯಾಸ ಸುಮಾರು 508 ಮಿ.ಮೀ. ಮಾರುತಿಯದೇ ಝೆನ್ ಕಾರಿನ 13 ಇಂಚಿನ ಚಕ್ರದ ಬೋಲ್ಟ್ ವೃತ್ತವೂ 114.3 ಮಿ.ಮೀ., ನಾಲ್ಕೇ ಬೋಲ್ಟ್, ಹಾಗಾಗಿ ಅದು ಕೂರುತ್ತದೆ. 145/70 ಆರ್13 ಹಾಕಿದರೆ ವ್ಯಾಸ 533 ಆಗುತ್ತದೆ, ಅಂದರೆ 5% ದೊಡ್ಡದು. ಮೀಟರ್ 60 ತೋರಿಸುವಾಗ ಗಾಡಿ 63ರಲ್ಲಿ ಓಡುತ್ತಿರುತ್ತದೆ, ಮೊದಲ ಗೇರಿನ ಎಳೆತವೂ ಅಷ್ಟೇ ಕಡಿಮೆ. ಘಾಟಿ ಹತ್ತುವವರಿಗೆ ಇದು ತಿಳಿಯುತ್ತದೆ. 12 ಇಂಚಿನಲ್ಲೇ ಉಳಿದು ಒಳ್ಳೆಯ ಟೈರ್ ಹಾಕುವುದು ನನ್ನ ಆಯ್ಕೆ. ಹಬ್‌ಗೂ ಚಕ್ರಕ್ಕೂ ನಡುವೆ ಸ್ಪೇಸರ್ ಬಿಲ್ಲೆ ಇಟ್ಟು ಚಕ್ರ ಹೊರತಳ್ಳಿದರೆ ಪವರ್ ಇಲ್ಲದ ಸ್ಟೇರಿಂಗ್ ಭಾರವಾಗುತ್ತದೆ, ಬೇರಿಂಗ್ ಬೇಗ ಸದ್ದು ಮಾಡುತ್ತದೆ. ಅಲಾಯ್ ಚಕ್ರ ಕೊಂಡರೆ ನಟ್ಟು ಎಂ12 (12 ಮಿ.ಮೀ. ಸ್ಟಡ್‌ಗೆ), ಥ್ರೆಡ್ ಅಂತರ 1.25 ಮಿ.ಮೀ. ಇರಬೇಕು. ಬೇರೆ ಕಂಪನಿಗಳ 1.5 ಥ್ರೆಡ್ ನಟ್ಟು ಎರಡು ಸುತ್ತು ಹೋಗಿ ಬಿಗಿಯಾದಂತೆ ಅನ್ನಿಸುತ್ತದೆ. ಸ್ಪ್ಯಾನರ್ ಹಾಕಿ ಒತ್ತಿದರೆ ಸ್ಟಡ್ ಹಾಳು. ಕೈಬೆರಳಲ್ಲೇ ಕೊನೆವರೆಗೆ ಓಡದ ನಟ್ಟು ಹಾಕಬೇಡಿ.

ಬ್ರೇಕಿನಲ್ಲಿ ಹೊಸದೇನೂ ಜೋಡಿಸುವ ಮುನ್ನ ಇರುವುದನ್ನು ಪೂರ್ತಿ ಸರಿಮಾಡಿ. ರಬ್ಬರ್ ಹೋಸ್ ಹೊಸದಿರಲಿ, ಡಿಸ್ಕ್ ದಪ್ಪ ಅದರ ಕನಿಷ್ಠ ಅಳತೆಗಿಂತ ಮೇಲಿರಲಿ, ಹಿಂದಿನ ಡ್ರಮ್ ಅಡ್ಜಸ್ಟ್ ಆಗಿರಲಿ. ಪೆಡಲ್ ಆಳಕ್ಕೆ ಹೋಗುತ್ತದೆ ಎಂಬ ದೂರಿಗೆ ಬಹಳ ಸಲ ಡ್ರಮ್ಮಿನ ಶೂ ದೂರವಿರುವುದೇ ಕಾರಣ. ಬ್ರೇಕ್ ಲೈನಿನ ಗಾಳಿ ತೆಗೆಯುವುದನ್ನು ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಹಿಂದಿನ ಎಡ ಚಕ್ರದಿಂದ ಶುರು ಮಾಡುತ್ತೇನೆ. ಬ್ರೇಕ್ ಆಯಿಲ್ ಗಾಡಿಯ ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಈಗ ಎಂಜಿನ್. ಮೊದಲು ಕಂಪ್ರೆಷನ್, ಅಂದರೆ ಪ್ಲಗ್ ತೂತಿಗೆ ಗೇಜ್ ಹಿಡಿದು ಸ್ಟಾರ್ಟರ್ ತಿರುಗಿಸಿ ನೋಡುವ ಸಿಲಿಂಡರ್ ಒತ್ತಡ: ಎಂಜಿನ್ ಬಿಸಿಯಿರಲಿ, ಮೂರೂ ಪ್ಲಗ್ ಹೊರಗಿರಲಿ, ಕಾಯಿಲ್ ವೈರ್ ಬಿಚ್ಚಿರಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿರಲಿ. ಸಿಲಿಂಡರ್‌ಗಳ ನಡುವೆ ಚದರ ಸೆಂ.ಮೀ.ಗೆ ಒಂದು ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕಡಿಮೆ ಇರುವುದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಇಲ್ಲಿ ಸೋತ ಎಂಜಿನ್‌ಗೆ ಸಿಲೆನ್ಸರ್, ಫಿಲ್ಟರ್ ಹಾಕುವುದು ದುಡ್ಡು ದಂಡ.

ಟ್ಯೂನಿಂಗ್ ಕ್ರಮ ತಪ್ಪಬಾರದು: ವಾಲ್ವ್ ಕ್ಲಿಯರೆನ್ಸ್, ಪಾಯಿಂಟ್ ಗ್ಯಾಪ್ (ಡಿಸ್ಟ್ರಿಬ್ಯೂಟರ್‌ನಲ್ಲಿ ಕಿಡಿಗಾಗಿ ತೆರೆದು ಮುಚ್ಚುವ ಸಂಪರ್ಕದ ಅಂತರ), ಟೈಮಿಂಗ್ (ಕಿಡಿ ಹಾರುವ ಹೊತ್ತು), ಕೊನೆಗೆ ಕಾರ್ಬೊರೇಟರ್. ಪಾಯಿಂಟ್ ಗ್ಯಾಪ್ ಹೆಚ್ಚಿಸಿದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ತಾನಾಗಿಯೇ ಮುಂದಕ್ಕೆ ಹೋಗುತ್ತದೆ. ಅದಕ್ಕೇ ಟೈಮಿಂಗ್ ಮೊದಲು ಹೊಂದಿಸಿ ಆಮೇಲೆ ಪಾಯಿಂಟ್ ಮುಟ್ಟಿದರೆ ಎಲ್ಲ ಮತ್ತೆ ಮೊದಲಿಂದ.

ಇಂದಿನ ದೊಡ್ಡ ತಲೆನೋವು 20% ಎಥನಾಲ್ ಪೆಟ್ರೋಲ್. ಶುದ್ಧ ಪೆಟ್ರೋಲಿಗೆ ಗಾಳಿ ಸುಮಾರು 14.7 ಪಾಲು ಬೇಕಾದರೆ ಇದಕ್ಕೆ 13.5ರ ಆಸುಪಾಸು ಸಾಕು. ಹಳೆಯ ಜೆಟ್‌ನಲ್ಲೇ (ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಓಡಿಸಿದರೆ ಮಿಶ್ರಣ ಸುಮಾರು 8% ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕ ಇಂಧನ ಸಾಲದು. ಅದರ ಮೇಲೆ ತೆರೆದ ಏರ್ ಫಿಲ್ಟರ್, ಸಡಿಲ ಸಿಲೆನ್ಸರ್ ಸೇರಿದರೆ ಇನ್ನೂ ತೆಳು. ಜೆಟ್ ತೂತಿನ ವ್ಯಾಸ 4% ಹೆಚ್ಚಿದರೆ ವಿಸ್ತೀರ್ಣ 8% ಹೆಚ್ಚುತ್ತದೆ, ಅಷ್ಟೇ ಬೇಕಾದದ್ದು. ತಂತಿ ತೂರಿಸಿ ದೊಡ್ಡದು ಮಾಡಬೇಡಿ. ಒಂದು ನಂಬರ್ ಮೇಲಿನ ಜೆಟ್ ಹಾಕಿ, ಪ್ಲಗ್ ಬಣ್ಣ ನೋಡಿ. ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಓಡಿಸಿ, ಕೀ ಆಫ್ ಮಾಡಿ ಕ್ಲಚ್ ಒತ್ತಿ ರಸ್ತೆ ಬದಿಗೆ ನಿಲ್ಲಿಸಿ. ಖಾಲಿ ರಸ್ತೆಯಲ್ಲಷ್ಟೇ ಹೀಗೆ ಮಾಡಿ. ಎಂಜಿನ್ ನಿಂತ ಮೇಲೆ ಬ್ರೇಕ್ ಬೂಸ್ಟರ್ ಹೆಚ್ಚು ಹೊತ್ತು ಸಹಾಯ ಮಾಡದು, ಕೀ ಸ್ಟೇರಿಂಗ್ ಲಾಕ್‌ವರೆಗೆ ತಿರುಗಲೂಬಾರದು. ಆಮೇಲೆ ಪ್ಲಗ್ ಬಿಚ್ಚಿ ನೋಡಿ: ಅದರ ಬಿಳಿ ಪಿಂಗಾಣಿ ತಿಳಿ ಕಂದಾಗಿದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದು ಚುಕ್ಕೆಗಳಿದ್ದರೆ ತೆಳು, ಮಸಿಯಾಗಿದ್ದರೆ ದಪ್ಪ. ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗಿನ ರಬ್ಬರ್ ಪೈಪ್‌ಗಳನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಲೇಬೇಕು. ಹಳೆಯದು ಮೆತ್ತಗಾಗಿ ಬಿಸಿ ಎಂಜಿನ್ ಮೇಲೆ ತೊಟ್ಟಿಕ್ಕುತ್ತದೆ.

ಸಿಲೆನ್ಸರ್‌ಗೆ 38 ಮಿ.ಮೀ. ಪೈಪ್ ಸಾಕು. 50 ಹಾಕಿದರೆ ಶಬ್ದ ಬರುತ್ತದೆ, ಕಡಿಮೆ ಆರ್‌ಪಿಎಂನ ಎಳೆತ ಹೋಗುತ್ತದೆ.

ಬೇರೆ ಎಂಜಿನ್ ಕೂರಿಸುವವರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಂಡು, ಆರ್‌ಟಿಒ ಅನುಮತಿ ಮೊದಲು ಪಡೆದು, ಆರ್‌ಸಿಯಲ್ಲಿ ದಾಖಲಿಸಿಕೊಳ್ಳಬೇಕು. 15 ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿಯ ಫಿಟ್‌ನೆಸ್ ತಪಾಸಣೆ) ಇದ್ದೇ ಇದೆ, ಅಲ್ಲಿ ಎಂಜಿನ್ ನಂಬರ್ ನೋಡುತ್ತಾರೆ.

ಎಲ್ಲ ಮುಗಿದು ರಸ್ತೆಗಿಳಿಸುವ ಮೊದಲು ಸ್ಟೇರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಟೈರು ಬ್ರೇಕ್ ಹೋಸಿಗೆ ತಾಗುತ್ತದೆಯೇ ನೋಡಿ. ಹಿಂದೆ ಇಬ್ಬರನ್ನು ಕೂರಿಸಿಯೂ ಇದನ್ನೇ ಮಾಡಿ. ಮೊದಲ 100 ಕಿ.ಮೀ. ಆದಮೇಲೆ ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಮತ್ತೊಮ್ಮೆ ಬಿಗಿಯಿರಿ. 500 ಕಿ.ಮೀ. ಹೊತ್ತಿಗೆ ಸ್ಪ್ರಿಂಗ್ ತನ್ನ ಎತ್ತರಕ್ಕೆ ಕೂತಿರುತ್ತದೆ, ಅಲೈನ್‌ಮೆಂಟ್ ಆಗ ಮಾಡಿಸಿ.