ರೂಟ್ ಕೆನಾಲ್ ಆದ ಮೇಲೆ ಕ್ಯಾಪ್ ಕೂರುವವರೆಗೆ

ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡವರಲ್ಲಿ ಅನೇಕರು ನೋವು ನಿಂತ ದಿನವೇ ಚಿಕಿತ್ಸೆ ಮುಗಿಯಿತೆಂದು ತಿಳಿದು ಮುಂದಿನ ಭೇಟಿಯನ್ನು ತಪ್ಪಿಸುತ್ತಾರೆ. ಒಳಗಿನ ನರವನ್ನು ತೆಗೆದಿರುವುದರಿಂದ ನೋವು ನಿಂತಿರುತ್ತದೆ, ನಿಜ. ಆದರೆ ಹುಳುಕು ಕೊರೆದು ಟೊಳ್ಳಾದ ಆ ಹಲ್ಲಿನ ಮೇಲೆ ಇನ್ನೂ ತಾತ್ಕಾಲಿಕ ಸಿಮೆಂಟ್ ಮಾತ್ರವೇ ಇರುತ್ತದೆ; ಹಲ್ಲನ್ನು ಮೇಲಿನಿಂದ ಪೂರ್ತಿ ಮುಚ್ಚಿ ಕಾಪಾಡುವ ಗಟ್ಟಿ ಕವಚ, ಅಂದರೆ ಕ್ಯಾಪ್, ಇನ್ನೂ ಕೂತಿರುವುದಿಲ್ಲ.

ಮೊದಲ ದಿನ: ಚುಚ್ಚುಮದ್ದಿನ ಮರಗಟ್ಟುವಿಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆ ಇರುತ್ತದೆ. ಅದು ಪೂರ್ತಿ ಇಳಿಯುವವರೆಗೆ ಊಟ ಮಾಡಬಾರದು, ಬಿಸಿ ಕಾಫಿಯನ್ನೂ ಕುಡಿಯಬಾರದು. ಕೆನ್ನೆ ಕಚ್ಚಿಕೊಂಡರೂ ತುಟಿ ಸುಟ್ಟರೂ ಆಗ ಗೊತ್ತಾಗುವುದಿಲ್ಲ.

ಮೊದಲ ವಾರ: ನರವನ್ನೇ ತೆಗೆದ ಮೇಲೆ ಕಚ್ಚಿದಾಗ ನೋಯುವುದೇಕೆ ಎಂಬ ಪ್ರಶ್ನೆ ಬಹುತೇಕ ಎಲ್ಲರನ್ನೂ ಕಾಡುತ್ತದೆ. ತೆಗೆದಿರುವುದು ಹಲ್ಲಿನ ಒಳಗಿನ ನರವನ್ನು. ಬೇರನ್ನು ಮೂಳೆಗೆ ಹಿಡಿದಿಟ್ಟಿರುವ ಸುತ್ತಲಿನ ತಂತುಗಳಿಗೆ ತಮ್ಮದೇ ನರಗಳಿವೆ, ಸೋಂಕಿನಿಂದಲೂ ಚಿಕಿತ್ಸೆಯ ಒತ್ತಡದಿಂದಲೂ ಅವು ಉರಿಗೊಂಡಿರುತ್ತವೆ. ಈ ನೋವು ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಗಾಬರಿ ಬೇಡ, ವೈದ್ಯರು ಬರೆದ ನೋವಿನ ಮಾತ್ರೆ ಸಾಕು. ಮನೆಯಲ್ಲಿ ಉಳಿದಿರುವ ಹಳೆಯ ಆಂಟಿಬಯಾಟಿಕ್ ನುಂಗುವುದು, ವಸಡಿಗೆ ಲವಂಗದ ಎಣ್ಣೆ ಹಚ್ಚಿ ಸುಟ್ಟುಕೊಳ್ಳುವುದು ಎರಡೂ ತಪ್ಪು. ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಕುತ್ತಿದೆ ಎನ್ನಿಸಿದರೆ ಸಿಮೆಂಟ್ ತುಸು ಎತ್ತರವಾಗಿದೆ ಎಂದರ್ಥ. ವೈದ್ಯರು ಬಣ್ಣದ ಕಾಗದವನ್ನು ಕಚ್ಚಿಸಿ, ಗುರುತು ಬಿದ್ದ ಜಾಗವನ್ನು ಕೆಲವೇ ನಿಮಿಷಗಳಲ್ಲಿ ಉಜ್ಜಿ ಸರಿಪಡಿಸುತ್ತಾರೆ. ಇದಕ್ಕಾಗಿ ಮತ್ತೆ ಹೋಗಲು ಸಂಕೋಚಪಡಬೇಕಿಲ್ಲ.

ಮುಖ ಅಥವಾ ಕುತ್ತಿಗೆ ಊದುವುದು, ಜ್ವರ, ಬಾಯಿ ತೆರೆಯಲಾಗದಿರುವುದು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ರಾತ್ರಿಯಾದರೂ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಬೇಕು.

ಕ್ಯಾಪ್ ಬರುವವರೆಗೆ: ಇನ್ನೊಂದು ಬದಿಯಲ್ಲಿ ಅಗಿಯಿರಿ. ಅಗಿಯದೆ ನುಂಗುವ ರಾಗಿ ಮುದ್ದೆಯಿಂದ ತೊಂದರೆಯಿಲ್ಲ. ನಿಪ್ಪಟ್ಟು, ಕೋಡುಬಳೆ, ಕಬ್ಬು, ಅಡಕೆ ಬೇಡವೇ ಬೇಡ. ಆದರೆ ಆ ಹಲ್ಲನ್ನೂ ಎರಡು ಹೊತ್ತು ಬ್ರಶ್ ಮಾಡಲೇಬೇಕು. ಸಿಮೆಂಟಿನ ಮೇಲ್ಪದರ ಸ್ವಲ್ಪ ಸವೆದರೆ ಚಿಂತೆಯಿಲ್ಲ, ಇಡಿಯಾಗಿ ಕಳಚಿದರೆ ಮಾತ್ರ ಒಂದೆರಡು ದಿನಗಳಲ್ಲೇ ತುಂಬಿಸಿಕೊಳ್ಳಬೇಕು. ಇಲ್ಲವಾದರೆ ಎಂಜಲಿನ ಬ್ಯಾಕ್ಟೀರಿಯಾಗಳು ಶುಚಿಗೊಳಿಸಿದ ಬೇರಿನ ನಾಳಗಳೊಳಗೆ ಮತ್ತೆ ಇಳಿಯುತ್ತವೆ.

ಕ್ಯಾಪ್: ಹೆಚ್ಚಿನವರು ನಿಲ್ಲುವುದು ಇಲ್ಲಿ, ಖರ್ಚಿನ ಕಾರಣಕ್ಕೆ. ಆದರೆ ಗೋಡೆ ತೆಳುವಾದ ದವಡೆ ಹಲ್ಲು ಕ್ಯಾಪ್ ಇಲ್ಲದೆ ಒಂದು ದಿನ ಬೇರಿನವರೆಗೂ ಸೀಳಿದರೆ ಅದನ್ನು ಕೀಳದೆ ಬೇರೆ ದಾರಿಯಿರುವುದಿಲ್ಲ, ಆಗ ರೂಟ್ ಕೆನಾಲ್‌ಗೆ ಕೊಟ್ಟ ಹಣವೂ ಹೋಗುತ್ತದೆ. ಕೈ ಬಿಗಿಯಾಗಿದ್ದರೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಅಥವಾ ಹತ್ತಿರದ ಯಾವುದೇ ದಂತ ಕಾಲೇಜಿನ ಹೊರರೋಗಿ ವಿಭಾಗದಲ್ಲಿ ವಿಚಾರಿಸಬಹುದು. ಕ್ಯಾಪ್ ಕೂರಿಸಿದ ಮೇಲೆ ಕಳಚಿ ಬಂದರೆ ಅದನ್ನು ತೊಳೆದು ಡಬ್ಬಿಯಲ್ಲಿಟ್ಟು ಒಯ್ಯಿರಿ. ಅಂಗಡಿಯ ಗೋಂದಿನಿಂದ ಅಂಟಿಸಿಕೊಳ್ಳಬೇಡಿ.

ಆಮೇಲಿನ ತಪಾಸಣೆ: ನರವಿಲ್ಲದ ಹಲ್ಲಿಗೆ ಕ್ಯಾಪಿನ ಅಂಚಿನಲ್ಲಿ ಮತ್ತೆ ಹುಳುಕು ಹತ್ತಿದರೆ ಅದು ಜುಮ್ಮೆಂದು ಎಚ್ಚರಿಸುವುದಿಲ್ಲ. ಆದ್ದರಿಂದ ನೋವಿಲ್ಲದಿದ್ದರೂ ವೈದ್ಯರು ಹೇಳಿದ ಸಮಯಕ್ಕೆ, ಸಾಮಾನ್ಯವಾಗಿ ವರ್ಷದೊಳಗೆ, ಎಕ್ಸ್‌ರೇ ತೆಗೆಸಬೇಕು. ಚಿಕಿತ್ಸೆಗೆ ಮುನ್ನ ತೆಗೆದ ಎಕ್ಸ್‌ರೇಯಲ್ಲಿ ಬೇರಿನ ತುದಿಯಲ್ಲಿ ಕಪ್ಪು ನೆರಳು (ಸೋಂಕಿನಿಂದ ಮೂಳೆ ಕರಗಿದ ಗುರುತು) ಇದ್ದವರಿಗೆ ಅಲ್ಲಿ ಮೂಳೆ ತುಂಬಿಕೊಳ್ಳಲು ಕೆಲವೊಮ್ಮೆ ನಾಲ್ಕು ವರ್ಷವೂ ಹಿಡಿಯುತ್ತದೆ, ಹಳೆಯ ಚಿತ್ರದ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಅದು ವಾಸಿಯಾಗುತ್ತಿದೆಯೇ ಎಂದು ಹೇಳಲು ಸಾಧ್ಯ. ಊರಿನಲ್ಲಿ ಚಿಕಿತ್ಸೆ ಮಾಡಿಸಿ ಕೆಲಸದ ಊರಿಗೆ ಮರಳುವವರು ಎಕ್ಸ್‌ರೇಯ ಪ್ರತಿಯನ್ನೂ ಚಿಕಿತ್ಸೆಯ ಚೀಟಿಯನ್ನೂ ಕೇಳಿ ಪಡೆದು ಜೊತೆಗೆ ಒಯ್ಯಬೇಕು.