ಗಾಮಾ ತೀವ್ರತೆ ಮತ್ತು ದೂರ: ಸ್ಕೇಲಿನ ಸೊನ್ನೆಯನ್ನು ನಂಬದೆ ಅಳೆಯುವ ಕ್ರಮ

ಬಿಂದುವಿನಷ್ಟು ಚಿಕ್ಕ ಆಕರದಿಂದ ಹೊರಟ ಗಾಮಾ ಕಿರಣಗಳು ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದರಿಂದ, ದೂರ ಇಮ್ಮಡಿಯಾದಾಗ ತೀವ್ರತೆ ಕಾಲು ಭಾಗಕ್ಕೆ ಇಳಿಯಬೇಕು. ಈ ವಿಲೋಮ ವರ್ಗ ನಿಯಮವನ್ನು ಪರೀಕ್ಷಿಸಲು ಕಾಲೇಜಿನ ಪ್ರಯೋಗಾಲಯದಲ್ಲಿ ಸೀಸಿಯಂ-137ರ ಬಿಲ್ಲೆ, ವಿಕಿರಣವನ್ನು ಎಣಿಸುವ ಗೈಗರ್-ಮುಲ್ಲರ್ ಕೊಳವೆ ಮತ್ತು ಸ್ಕೇಲು ಇರುವ ಪೀಠ ಸಾಕು. ಫಲಿತಾಂಶ ಕೆಡುವುದು ಹೆಚ್ಚಾಗಿ ಆ ಸ್ಕೇಲಿನಿಂದಲೇ.

ಕೊಳವೆಯ ವೋಲ್ಟೇಜನ್ನು ಅದರ ಪ್ಲೇಟೋದ (ವೋಲ್ಟೇಜ್ ಬದಲಾದರೂ ಎಣಿಕೆ ಹೆಚ್ಚು ಬದಲಾಗದ ವಲಯದ) ನಡುವೆ ನಿಲ್ಲಿಸಿ, ಬಿಲ್ಲೆ ಸೀಸದ ಡಬ್ಬಿಯಲ್ಲಿ ದೂರವಿರುವಾಗಲೇ ಹತ್ತು ನಿಮಿಷ ಹಿನ್ನೆಲೆ ಎಣಿಕೆಯನ್ನು, ಎಂದರೆ ಸುತ್ತಲಿನ ವಿಕಿರಣದಿಂದಲೇ ಬರುವ ಎಣಿಕೆಯನ್ನು, ತೆಗೆದುಕೊಳ್ಳಬೇಕು. ಆಮೇಲೆ ಮೇಲ್ವಿಚಾರಕರ ಎದುರಿನಲ್ಲಿ, ಕೈಯಿಂದ ಮುಟ್ಟದೆ ಇಕ್ಕಳದಿಂದ ಬಿಲ್ಲೆಯನ್ನು ಪೀಠದಲ್ಲಿ ಕೂರಿಸಬೇಕು. ಸೀಸಿಯಂ ಬೀಟಾ ಕಣಗಳನ್ನೂ ಸೂಸುವುದರಿಂದ ಅದರ ಮುಂದೆ 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡನ್ನು ಇಟ್ಟರೆ ಗಾಮಾ ಮಾತ್ರ ಎಣಿಕೆಗೆ ಸಿಗುತ್ತದೆ.

5ರಿಂದ 40 ಸೆಂಟಿಮೀಟರ್‌ವರೆಗೆ ಏಳೆಂಟು ಸ್ಥಾನಗಳಲ್ಲಿ ಎಣಿಸಿರಿ. ಎಣಿಕೆಯ ಅನಿಶ್ಚಿತತೆ ಅದರ ವರ್ಗಮೂಲದಷ್ಟು ಇರುವುದರಿಂದ, 100 ಎಣಿಕೆಗೆ ಶೇ. 10 ಮತ್ತು 10,000 ಎಣಿಕೆಗೆ ಶೇ. 1 ಆಗುತ್ತದೆ; ಎಂದರೆ ದೂರ ಹೆಚ್ಚಿದಂತೆ ಸಮಯವನ್ನೂ ಹೆಚ್ಚಿಸಬೇಕು. ಎಲ್ಲ ಸ್ಥಾನಕ್ಕೂ ಒಂದೇ ನಿಮಿಷ ಕೊಡುವ ರೂಢಿ ನನಗೆ ಸರಿಯೆನಿಸುವುದಿಲ್ಲ. ಹತ್ತಿರದಲ್ಲಿ ತೊಂದರೆ ಬೇರೆ: ಒಂದು ಕಣವನ್ನು ಎಣಿಸಿದ ಮೇಲೆ ಕೊಳವೆ ಕ್ಷಣಕಾಲ ಕುರುಡಾಗಿರುತ್ತದೆ. ಆ ಅವಧಿ 100 ಮೈಕ್ರೋಸೆಕೆಂಡ್ ಇದ್ದು ಸೆಕೆಂಡಿಗೆ 200 ಎಣಿಕೆ ಕಂಡರೆ, ನಿಜವಾದ ದರ ಸುಮಾರು 204. ಈ ತಿದ್ದುಪಡಿಯನ್ನು ಮೊದಲು ಮಾಡಿ, ನಂತರ ಹಿನ್ನೆಲೆಯನ್ನು ಕಳೆಯಬೇಕು.

ಈಗ ಸ್ಕೇಲಿನ ವಿಚಾರ. ವಿಕಿರಣಶೀಲ ವಸ್ತು ಬಿಲ್ಲೆಯ ಒಳಗಿರುತ್ತದೆ, ಕಿರಣ ಸಿಕ್ಕಿಬೀಳುವ ಜಾಗ ಕೊಳವೆಯ ಒಳಗಿರುತ್ತದೆ. ಸ್ಕೇಲು ತೋರಿಸುವುದು ಎರಡರ ಹೊರಮೈಗಳ ನಡುವಿನ ಅಂತರವನ್ನು ಮಾತ್ರ. ಈ ಅಡಗಿದ ದೂರ 2 ಸೆಂಟಿಮೀಟರ್ ಆಗಿದ್ದರೆ, ಸ್ಕೇಲಿನ 5 ಮತ್ತು 10 ನಿಜವಾಗಿ 7 ಮತ್ತು 12 ಆಗಿರುತ್ತವೆ. ನಾಲ್ಕು ಪಟ್ಟು ಇಳಿಯಬೇಕಾದ ದರ 2.94 ಪಟ್ಟು ಮಾತ್ರ ಇಳಿದಂತೆ ಕಾಣುತ್ತದೆ. ಆದ್ದರಿಂದ ದರದ ವರ್ಗಮೂಲದ ವಿಲೋಮವನ್ನು ಸ್ಕೇಲಿನ ದೂರಕ್ಕೆ ಎದುರಾಗಿ ಗ್ರಾಫಿನಲ್ಲಿ ಗುರುತಿಸಿರಿ. ನಿಯಮ ಸರಿಯಿದ್ದರೆ ಸರಳರೇಖೆ ಬರುತ್ತದೆ, ಮತ್ತು ಅದನ್ನು ಹಿಂದಕ್ಕೆ ಎಳೆದಾಗ ದೂರದ ಅಕ್ಷವನ್ನು ಸೊನ್ನೆಯ ಎಡಕ್ಕೆ ಎಷ್ಟು ಅಂತರದಲ್ಲಿ ಕತ್ತರಿಸುತ್ತದೆಯೋ ಅಷ್ಟೇ ಆ ಅಡಗಿದ ದೂರ.

ದೂರದ ಬಿಂದುಗಳು ರೇಖೆಯಿಂದ ಕೆಳಕ್ಕೆ ಜಾರಿದರೆ, ಗೋಡೆ ಅಥವಾ ಮೇಜಿಗೆ ತಾಗಿ ಚದುರಿದ ಕಿರಣಗಳು ಎಣಿಕೆಗೆ ಸೇರಿವೆಯೇ ಎಂದು ನೋಡಿ, ಪೀಠವನ್ನು ಕೋಣೆಯ ನಡುವಿಗೆ ಸರಿಸಿ ಆ ಬಿಂದುಗಳನ್ನು ಮತ್ತೆ ಅಳೆಯಿರಿ.