ಸಾಲ್ಸಾ ಸಂಜೆಗೆ ಹಾಡು ಜೋಡಿಸುವುದು ಹೇಗೆ?

ಲ್ಯಾಟಿನ್ ಸಂಗೀತದ ಡಿಜೆ ಆಗಬೇಕೆನ್ನುವವರು ಯಂತ್ರ ಕೊಳ್ಳುವುದಕ್ಕೆ ಮುನ್ನ ಹತ್ತಾರು ಆಲ್ಬಮ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ ಮನದಟ್ಟು ಮಾಡಿಕೊಳ್ಳಬೇಕು. ಹೌಸ್, ಟೆಕ್ನೊ ಮುಂತಾದ ಪ್ರಕಾರಗಳಲ್ಲಿ ಲಯವನ್ನು ಯಂತ್ರವೇ ನಡೆಸುವುದರಿಂದ, ಒಂದು ಹಾಡಿನ ಮೇಲೆ ಇನ್ನೊಂದನ್ನು ನಿಮಿಷಗಟ್ಟಲೆ ಹೊದಿಸಿದರೂ ಎರಡೂ ಜೊತೆಯಾಗಿ ಸಾಗುತ್ತವೆ. 1950ರಿಂದ 1970ರ ದಶಕದವರೆಗೆ ನ್ಯೂಯಾರ್ಕ್, ಹವಾನಾ, ಸಾನ್ ಹುವಾನ್ ನಗರಗಳಲ್ಲಿ ಹತ್ತು ಹನ್ನೆರಡು ವಾದಕರು ಒಟ್ಟುಗೂಡಿ ನುಡಿಸಿದ ಲ್ಯಾಟಿನ್ ಸಂಗೀತ ಹಾಗಲ್ಲ. ಹುಮ್ಮಸ್ಸು ಏರಿದಂತೆ ಅದರ ಗತಿಯೂ ಏರುತ್ತದೆ, ಗಾಯಕ ಸ್ವಲ್ಪ ಎಳೆದರೆ ಗತಿಯೂ ಎಳೆಯುತ್ತದೆ. ಬೆಂಗಳೂರಿನಲ್ಲಿ ಈ ಸಂಗೀತಕ್ಕೆ ಕುಣಿಯುವ ಜೋಡಿನೃತ್ಯವಾದ ಸಾಲ್ಸಾವನ್ನು ಕಲಿಸುವ ಶಾಲೆಗಳೂ ಸಾಲ್ಸಾ ಸಂಜೆಗಳೂ ಇರುವುದರಿಂದ, ಈ ಸಂಗೀತವನ್ನು ಕುಣಿಯುವವರ ಕಾಲಿಗೆ ಒಪ್ಪುವಂತೆ ಜೋಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಕ್ಲಾವೆ

ಮೊದಲ ಪಾಠ ಕ್ಲಾವೆಯನ್ನು ಗುರುತಿಸುವುದು. ಗಟ್ಟಿ ಮರದ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಟ್ಟಿ ನುಡಿಸುವ ಐದು ಪೆಟ್ಟುಗಳ ಈ ವಿನ್ಯಾಸವೇ ಕ್ಯೂಬಾ ಮೂಲದ ನೃತ್ಯ ಸಂಗೀತದ ಬೆನ್ನೆಲುಬು. ಒಂದರಿಂದ ಎಂಟರವರೆಗೆ ಸಮನಾಗಿ ಎಣಿಸಿ. ಪೆಟ್ಟುಗಳು 1ರ ಮೇಲೆ, 2 ಮತ್ತು 3ರ ನಟ್ಟನಡುವೆ, 4ರ ಮೇಲೆ, ಬಳಿಕ 6 ಮತ್ತು 7ರ ಮೇಲೆ ಬೀಳುತ್ತವೆ. ಮೊದಲ ನಾಲ್ಕು ಎಣಿಕೆಯಲ್ಲಿ ಮೂರು, ಎರಡನೆಯ ನಾಲ್ಕರಲ್ಲಿ ಎರಡು. ಆದ್ದರಿಂದ ಇದು ‘ಮೂರು-ಎರಡು’ ಕ್ಲಾವೆ. ಅರ್ಧಗಳು ಅದಲುಬದಲಾದರೆ ‘ಎರಡು-ಮೂರು’. ಕರ್ನಾಟಕ ಸಂಗೀತದಲ್ಲಿ ಎತ್ತುಗಡೆ ತಪ್ಪಿದಾಗ ತಾಳ ಹಾಕುತ್ತ ಕೂತ ಕೇಳುಗನ ಕೈ ಹೇಗೆ ತಡವರಿಸುತ್ತದೋ, ಕ್ಲಾವೆ ಅಡ್ಡಬಿದ್ದಾಗ ಕುಣಿಯುವವರ ಕಾಲು ಹಾಗೆಯೇ ತಡವರಿಸುತ್ತದೆ.

ತೊಡಕೇನೆಂದರೆ, ಅನೇಕ ಹಾಡುಗಳಲ್ಲಿ ಕಡ್ಡಿಯ ಸದ್ದು ಕೇಳಿಸುವುದೇ ಇಲ್ಲ. ಪಿಯಾನೊ, ಟಿಂಬಾಲೆ ಎಂಬ ಜೋಡಿ ಡ್ರಮ್, ಹಿನ್ನೆಲೆಯ ಗುಂಪುಗಾಯನ ಎಲ್ಲವೂ ಅದನ್ನು ಒಳಗಿಟ್ಟುಕೊಂಡೇ ಸಾಗುತ್ತವೆ. ಹಾಡಿನ ಜೊತೆ ಕೈತಟ್ಟಿ ನೋಡಿ. ಒಂದು ಕ್ರಮದಲ್ಲಿ ತಟ್ಟಿದಾಗ ಎಲ್ಲವೂ ಕೂಡಿಕೊಳ್ಳುತ್ತದೆ, ಇನ್ನೊಂದರಲ್ಲಿ ಜಗ್ಗಾಡುತ್ತದೆ. ಹಾಡಿನ ಆರಂಭದಲ್ಲಿ ಒಂದು ಕ್ರಮವಿದ್ದು, ಸಾಲಿನಲ್ಲಿ ನಾಲ್ಕು ಎಣಿಕೆಯ ತುಂಡುಗಳ ಸಂಖ್ಯೆ ಬೆಸವಾದ ಕಡೆ ಅದು ತಿರುಗಿಕೊಳ್ಳುವುದೂ ಉಂಟು. ಆದ್ದರಿಂದ ನೀವು ಮುಂದಿನ ಹಾಡನ್ನು ಸೇರಿಸಲಿರುವ ಜಾಗದಲ್ಲಿ ಕ್ಲಾವೆ ಯಾವುದು ಎಂಬುದನ್ನು ಹಾಡಿನ ಹೆಸರಿನ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು.

ಗಂಟೆಯನ್ನು ನಂಬಿ, ಬಾಸನ್ನಲ್ಲ

ಹೌಸ್ ಸಂಗೀತದಿಂದ ಬಂದವರು ಒಂದನೆಯ ಎಣಿಕೆಯನ್ನು ಕೆಳಸ್ವರದಲ್ಲಿ ಹುಡುಕುತ್ತಾರೆ. ಸಾಲ್ಸಾದಲ್ಲಿ ಬಾಸ್ ಸಾಮಾನ್ಯವಾಗಿ ಒಂದನೆಯ ಎಣಿಕೆಯನ್ನು ಬಿಟ್ಟು, 2 ಮತ್ತು 3ರ ನಡುವೆ ಒಮ್ಮೆ, 4ರ ಮೇಲೆ ಒಮ್ಮೆ ನುಡಿಯುತ್ತದೆ. ಅಂದರೆ ಮುಂದಿನ ಆವರ್ತದ ಸ್ವರವನ್ನು ಮೊದಲೇ ಹೇಳಿಬಿಡುತ್ತದೆ. ಇದನ್ನರಿಯದವರು ನಾಲ್ಕನ್ನೇ ಒಂದೆಂದು ತಿಳಿದು ಹಾಡನ್ನು ತಪ್ಪು ಜಾಗದಲ್ಲಿ ಬಿಡುತ್ತಾರೆ. ಹಾಡಿನ ಕಥನ ಭಾಗ ಮುಗಿದು ‘ಮೊಂಟುನೊ’ ಎಂಬ ಸವಾಲ್-ಜವಾಬಿನ ಭಾಗ ಆರಂಭವಾದಾಗ, ಬೊಂಗೊ ಎಂಬ ಪುಟ್ಟ ಜೋಡಿ ಡ್ರಮ್ ನುಡಿಸುತ್ತಿದ್ದವನು ಅದನ್ನು ಬದಿಗಿಟ್ಟು ಕೈಗಂಟೆಯನ್ನು ಎತ್ತಿಕೊಳ್ಳುತ್ತಾನೆ. ಆ ದಪ್ಪ ಸದ್ದಿನ ಗಂಟೆ ಮುಖ್ಯ ಎಣಿಕೆಗಳ ಮೇಲೆ ನೇರವಾಗಿ ಬೀಳುತ್ತದೆ. ಹೆಡ್‌ಫೋನಿನಲ್ಲಿ ಹಿಡಿಯಬೇಕಾದುದು ಈ ಸದ್ದನ್ನು.

ಗತಿಯ ಲೆಕ್ಕದಲ್ಲಿಯೂ ಎಚ್ಚರ ಬೇಕು. ನಿಮಿಷಕ್ಕೆ 190 ಪೆಟ್ಟಿನ ಹಾಡನ್ನು ತಂತ್ರಾಂಶ ಕೆಲವೊಮ್ಮೆ 95 ಎಂದು ತೋರಿಸುತ್ತದೆ. ಎರಡರಲ್ಲಿ ಒಂದು ಪದ್ಧತಿಯನ್ನು ಆರಿಸಿಕೊಂಡು ಇಡೀ ಸಂಗ್ರಹಕ್ಕೆ ಅದನ್ನೇ ಅನ್ವಯಿಸಿ.

ಜೊತೆಗಿರಬೇಕಾದ ಆಲ್ಬಮ್‌ಗಳು

ಟೀಟೊ ಪುಎಂಟೆಯ ‘ಡ್ಯಾನ್ಸ್ ಮೇನಿಯಾ’ (1958) ನನ್ನ ಪಟ್ಟಿಯಲ್ಲಿ ಮೊದಲನೆಯದು. ಮ್ಯಾನ್‌ಹಟನ್ನಿನ ಪಲ್ಲೇಡಿಯಂ ನೃತ್ಯ ಸಭಾಂಗಣದಲ್ಲಿ ಮಾಂಬೊ ಎಂಬ ನೃತ್ಯ ಕುಣಿಯುವವರ ಎದುರು ಪಳಗಿದ ವಾದ್ಯವೃಂದದ ಸಂಗೀತವಿದು. ಹಾಡುಗಳು ಚಿಕ್ಕವು, ಹಿತ್ತಾಳೆ ವಾದ್ಯಗಳ ಹೊಡೆತ ಖಚಿತ, ಮುಕ್ತಾಯ ಸ್ಪಷ್ಟ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಠ್ಯ ಸಿಗದು.

ಎಡ್ಡಿ ಪಾಲ್ಮಿಯೆರಿಯ ‘ಅಸೂಕಾರ್ ಪಾ ತಿ’ (1965) ಬೇರೆಯೇ ಬಗೆಯ ಸಂಪತ್ತು. ತುತ್ತೂರಿಗಳ ಜಾಗದಲ್ಲಿ ಟ್ರಾಂಬೋನುಗಳನ್ನು ಕೂರಿಸಿದ ಅವರ ‘ಲಾ ಪರ್ಫೆಕ್ಟಾ’ ತಂಡ ಇಲ್ಲಿನ ‘ಅಸೂಕಾರ್’ ಹಾಡನ್ನು ಆ ಕಾಲದ ರೂಢಿಗೆ ವಿರುದ್ಧವಾಗಿ 8 ನಿಮಿಷ ಮೀರಿ ಬೆಳೆಸಿತು. ಇದರ ಮೊಂಟುನೊ ಎಷ್ಟು ವಿಶಾಲವೆಂದರೆ, ಮುಂದಿನ ಹಾಡನ್ನು ಆರಿಸಿ, ಹೆಡ್‌ಫೋನಿನಲ್ಲಿ ಕೇಳಿ, ಕ್ಲಾವೆ ಹೊಂದಿಸಿಕೊಳ್ಳಲು ಸಾಕಷ್ಟು ಸಮಯ ದೊರೆಯುತ್ತದೆ.

ನಂತರ ಫಾನಿಯಾ. ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿದ ಕೊಳಲುವಾದಕ ಜಾನಿ ಪಚೇಕೊ ಮತ್ತು ವಕೀಲ ಜೆರ್ರಿ ಮಸೂಚಿ 1964ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ಈ ಧ್ವನಿಮುದ್ರಣ ಸಂಸ್ಥೆಯನ್ನು ಬಿಟ್ಟು ಸಾಲ್ಸಾ ಸಂಗ್ರಹವೇ ಇರಲಾರದು. ಪಚೇಕೊ ಅವರು ಗಾಯಕಿ ಸೀಲಿಯಾ ಕ್ರೂಸ್ ಜೊತೆಗೂಡಿ ಮಾಡಿದ ‘ಸೀಲಿಯಾ ಅಂಡ್ ಜಾನಿ’ (1974) ‘ಕಿಂಬಾರಾ’ದಿಂದ ಆರಂಭವಾಗುತ್ತದೆ. ಅದರ ವೇಗ ಪಳಗಿದವರಿಗೆ ಹಬ್ಬ, ಹೊಸಬರಿಗೆ ಕಷ್ಟ. ಆದ್ದರಿಂದ ಅಂಗಳ ಬಿಸಿಯೇರುವವರೆಗೆ ಅದನ್ನು ಕಾದಿಡುವುದು ಒಳ್ಳೆಯದು. ವಿಲ್ಲಿ ಕೊಲೋನ್ ಅವರ ‘ಲೊ ಮಾತೊ’ (1973) ಹೆಕ್ಟರ್ ಲವೋ ಅವರ ತೀಕ್ಷ್ಣ ಕಂಠಕ್ಕಾಗಿಯೇ ಬೇಕು. ರೇ ಬರೆಟ್ಟೊ ಅವರ ‘ಇಂಡಿಸ್ಟ್ರಕ್ಟಿಬಲ್’ (1973) ಕಾಂಗಾ ಎಂಬ ಉದ್ದನೆಯ ಡ್ರಮ್ಮಿನ ಸದ್ದನ್ನು ಮುಂದಕ್ಕೆ ತರುತ್ತದೆ.

ಆದರೆ ಒಂದೇ ಆಲ್ಬಮ್ ಉಳಿಸಿಕೊಳ್ಳಿ ಎಂದರೆ ನಾನು ಕೊಲೋನ್ ಮತ್ತು ಗಾಯಕ ರೂಬೆನ್ ಬ್ಲೇಡ್ಸ್ ಅವರ ‘ಸಿಯೆಂಬ್ರಾ’ವನ್ನು (1978) ಉಳಿಸಿಕೊಳ್ಳುತ್ತೇನೆ. ಅದರ ಮೊದಲ ಹಾಡು ‘ಪ್ಲಾಸ್ಟಿಕೊ’ ಪಿಟೀಲುಗಳ ಸಮೂಹದೊಡನೆ ಪಕ್ಕಾ ಡಿಸ್ಕೊ ಆಗಿ ತೊಡಗಿ, ಸ್ವಲ್ಪ ಹೊತ್ತಿನಲ್ಲೇ ಸಾಲ್ಸಾಗೆ ಹೊರಳುತ್ತದೆ. ಹುಸಿ ಥಳಕಿನ ಬದುಕನ್ನು ಟೀಕಿಸುವ ಹಾಡಿಗೆ ಥಳಕಿನದೇ ಬಾಗಿಲು. ಡಿಸ್ಕೊ ಅಥವಾ ಪಾಪ್ ಹಾಡಿನ ಕೊನೆಯಿಂದ ಈ ಆರಂಭಕ್ಕೆ ದಾಟಿದರೆ, ಪ್ರಕಾರದಿಂದ ಪ್ರಕಾರಕ್ಕೆ ಹೋಗುವ ಕೆಲಸವನ್ನು ಹಾಡೇ ಮಾಡಿಕೊಡುತ್ತದೆ. ಕೊನೆಯಲ್ಲಿ ಬ್ಲೇಡ್ಸ್ ಲ್ಯಾಟಿನ್ ಅಮೆರಿಕದ ದೇಶಗಳ ಹೆಸರನ್ನು ಒಂದೊಂದಾಗಿ ಕೂಗಿ ಹಾಜರಿ ಹಾಕುತ್ತಾರೆ. ಅದರ ಮೇಲೆ ಬೇರೇನನ್ನೂ ಹೊದಿಸಬಾರದು. ಅದೇ ಆಲ್ಬಮ್ಮಿನ ‘ಪೆದ್ರೊ ನವಾಹಾ’ 7 ನಿಮಿಷ ಮೀರಿದ ಕಥನಗೀತೆ. ಕೆಲವೇ ವಾದ್ಯಗಳಿಂದ ಆರಂಭವಾಗಿ ಚರಣದಿಂದ ಚರಣಕ್ಕೆ ವಾದ್ಯಗಳು ಕೂಡಿಕೊಳ್ಳುತ್ತವೆ, ಶ್ರುತಿಯೂ ಏರುತ್ತದೆ. ಆದ್ದರಿಂದ ಮುಂದಿನ ಹಾಡಿನ ಶ್ರುತಿಯನ್ನು ಇದರ ಆರಂಭಕ್ಕಲ್ಲ, ಅಂತ್ಯಕ್ಕೆ ಹೋಲಿಸಿ ನೋಡಬೇಕು. ಚಾಕು ಹಿಡಿದು ಬಂದವನಿಗೂ ಅವನ ಬಲಿಯಾಗಬೇಕಿದ್ದ ಹೆಣ್ಣಿಗೂ ಏನಾಯಿತೆಂದು ಹೇಳುವ ಮೊದಲೇ ಇದನ್ನು ಕತ್ತರಿಸುವುದು ಕೇಳುಗರಿಗೆ ಮಾಡುವ ಅನ್ಯಾಯ. ಸಮಯವಿಲ್ಲದಿದ್ದರೆ ಹಾಕಲೇಬೇಡಿ.

ಜೋಡಿಸುವ ಕ್ರಮ

ಕೇಳುವ ಕೆಲಸ ಮುಗಿದ ಮೇಲೆ ಜೋಡಣೆ. ಹೋಗುತ್ತಿರುವ ಹಾಡು ಮೊಂಟುನೊದ ಕೊನೆಗೆ ಬಂದಾಗ, ಬರಲಿರುವ ಹಾಡಿನ ತಾಳವಾದ್ಯದ ಆರಂಭವನ್ನು ಸಿದ್ಧವಾಗಿಟ್ಟುಕೊಳ್ಳಿ. ಗತಿಯ ವ್ಯತ್ಯಾಸ ಶೇ 3ರಿಂದ 4ರೊಳಗಿದ್ದರೆ ಮಾತ್ರ ಗತಿ ಬದಲಿಸುವ ಪಿಚ್ ಸ್ಲೈಡರ್ ಮುಟ್ಟಿ; ಅದಕ್ಕಿಂತ ಹೆಚ್ಚು ಎಳೆದರೆ ಹಿತ್ತಾಳೆ ವಾದ್ಯಗಳ ನಾದ ಕೆಡುತ್ತದೆ. ಹೋಗುವ ಹಾಡು ಎರಡು-ಮೂರರಲ್ಲಿದ್ದು ಬರುವ ಹಾಡು ಮೂರು-ಎರಡರಲ್ಲಿ ತೊಡಗುವುದಾದರೆ, ಅದನ್ನು ನಾಲ್ಕು ಎಣಿಕೆ ತಡವಾಗಿ ಬಿಡಿ. ಮೂರು ಪೆಟ್ಟಿನ ಅರ್ಧ ಮೂರರ ಮೇಲೆಯೇ ಕೂರುತ್ತದೆ. ಎರಡೂ ಹಾಡುಗಳ ಬಾಸ್ ಒಟ್ಟಿಗೆ ಕೇಳಿಸದಂತೆ ಒಂದರ ಕೆಳಸ್ವರವನ್ನು ಮಿಕ್ಸರಿನಲ್ಲಿ ಇಳಿಸಿ, ಎಂಟು ಅಥವಾ ಹದಿನಾರು ಎಣಿಕೆಯೊಳಗೆ ದಾಟಿಬಿಡಿ. ವಾದಕರ ಗತಿ ತೂಗಾಡುವುದರಿಂದ ಗತಿಯನ್ನು ತಾನೇ ಹೊಂದಿಸುವ ತಂತ್ರಾಂಶದ ಸಿಂಕ್ ಗುಂಡಿ ಇಲ್ಲಿ ಭರವಸೆಯದಲ್ಲ. ಕೈಯಿಂದಲೇ ತುಸು ತಳ್ಳುತ್ತ, ಹಿಡಿಯುತ್ತ ಸಾಗಬೇಕು.

ಎಲ್ಲ ಕಡೆಯೂ ಹೀಗೆ ಬೆರೆಸಬೇಕೆಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಾಲ್ಸಾ ಜೋಡಿನೃತ್ಯ, ಒಂದು ಹಾಡು ಮುಗಿದಾಗ ಜೊತೆಗಾರರು ವಂದಿಸಿ ಬೇರೆಯಾಗುತ್ತಾರೆ, ಹೊಸಬರನ್ನು ಕರೆಯುತ್ತಾರೆ. ಹಾಡುಗಳ ನಡುವೆ ಬಿಡುವೇ ಇಲ್ಲದಂತೆ ಹೊಲಿದುಬಿಟ್ಟರೆ ಅವರು ಬಿಟ್ಟುಹೋಗುವ ಹೊತ್ತೂ ತಿಳಿಯದೆ, ಕರೆಯುವ ಹೊತ್ತೂ ತಿಳಿಯದೆ ಒದ್ದಾಡುತ್ತಾರೆ. ಜೋಡಿಗಳು ತುಂಬಿದ ಅಂಗಳದಲ್ಲಿ ಹಾಡನ್ನು ಅದರ ಕೊನೆಯ ಪೆಟ್ಟಿನವರೆಗೆ ಬಿಟ್ಟು, ಒಂದೆರಡು ಉಸಿರಿನ ಅಂತರ ಕೊಟ್ಟು ಮುಂದಿನದನ್ನು ಆರಂಭಿಸುವುದೇ ಸರಿಯಾದ ಕ್ರಮ. ಜನ ಗುಂಪಾಗಿ, ಬಿಡಿಯಾಗಿ ಕುಣಿಯುತ್ತಿರುವಾಗ ಬೆರೆಸುವ ಕೌಶಲವನ್ನು ತೋರಿಸಿ.

ಸಂಜೆಯ ಏರಿಳಿತ

ಆರಂಭಕ್ಕೆ ನಿಧಾನಗತಿಯ ಕ್ಯೂಬಾದ ‘ಸೋನ್’ ಪ್ರಕಾರದ ಹಾಡುಗಳು ಚೆನ್ನ. 1996ರಲ್ಲಿ ಹವಾನಾದಲ್ಲಿ ಮುದ್ರಣಗೊಂಡು ಮರುವರ್ಷ ಹೊರಬಂದ ‘ಬುಎನಾ ವಿಸ್ತಾ ಸೋಶಿಯಲ್ ಕ್ಲಬ್’ ಇದಕ್ಕೆ ಸಾಕು. ಮೂರು ನಾಲ್ಕು ಬಿರುಸಾದ ಸಾಲ್ಸಾಗಳ ನಂತರ ಅದಕ್ಕಿಂತ ನಿಧಾನವಾದ ನೃತ್ಯಪ್ರಕಾರಗಳಾದ ಚಾ-ಚಾ-ಚಾ ಅಥವಾ ಬಚಾಟಾದ ಒಂದು ಹಾಡು ಹಾಕಿ, ಬೆವರು ಆರಲು ಅವಕಾಶ ಕೊಡಿ. ಹ್ವಾನ್ ಲೂಯಿಸ್ ಗೆರ್ರಾ ಅವರ ‘ಬಚಾಟಾ ರೋಸಾ’ (1990) ಇಲ್ಲಿ ಉಪಯುಕ್ತ; ಹೆಸರು ಬಚಾಟಾ ಎಂದಿದ್ದರೂ ಅದರ ‘ಲಾ ಬಿಲಿರ್ರುಬಿನಾ’ ಮೆರೆಂಗೆ ಎಂಬ ಬೇರೊಂದು ನೃತ್ಯಪ್ರಕಾರದ ಚುರುಕಾದ ಹಾಡು ಎಂಬುದನ್ನು ನೆನಪಿಡಿ. ಮೆರೆಂಗೆಯ ಹೆಜ್ಜೆ ಎಡ-ಬಲ ನಡಿಗೆಯಷ್ಟೇ ಆದ್ದರಿಂದ, ಗೋಡೆಗೆ ಒರಗಿ ನಿಂತ ಹೊಸಬರನ್ನು ಒಳಕ್ಕೆ ಕರೆತರಲು ಅದಕ್ಕೆ ಮಿಗಿಲಾದುದಿಲ್ಲ.

ವೇಗದ ವಿಷಯದಲ್ಲಿ ಕೊಲಂಬಿಯಾದ ಕಾಲಿ ನಗರದ ಮಾತು ಹೇಳಲೇಬೇಕು. ಅಲ್ಲಿ 1960ರ ದಶಕದಲ್ಲಿ ನ್ಯೂಯಾರ್ಕಿನಿಂದ ಬಂದ ಬೂಗಲೂ, ಪಚಾಂಗಾ ಎಂಬ ನೃತ್ಯ ಸಂಗೀತದ ತಟ್ಟೆಗಳನ್ನು ನಿಮಿಷಕ್ಕೆ 33 ಸುತ್ತಿನ ಬದಲು 45 ಸುತ್ತಿನ ವೇಗದಲ್ಲಿ ತಿರುಗಿಸತೊಡಗಿದರು. ಸಂಗೀತ ಸುಮಾರು ಶೇ 35ರಷ್ಟು ಚುರುಕಾಯಿತು. ಇಂದಿಗೂ ಕಾಲಿಯ ಸಾಲ್ಸಾ ಹೆಸರಾಗಿರುವುದು ಮಿಂಚಿನಂಥ ಪಾದಚಲನೆಗಾಗಿ. ಕುಣಿಯುವವರೇ ಕೇಳಿ ಪಡೆದ ವೇಗ ಅದು. ಅಂಥ ಕಾಲುಗಳು ಎದುರಿಗಿಲ್ಲದ ಕಡೆ ಅನುಕರಿಸಬೇಡಿ.

ರಾತ್ರಿಯ ಕೊನೆಗೆ ಕ್ಲಬ್ ಸಂಗೀತಕ್ಕೆ ಹೋಗಬೇಕಿದ್ದರೆ ‘ನ್ಯೂಯೊರಿಕನ್ ಸೋಲ್’ (1997) ಆಲ್ಬಮ್ ಸೇತುವೆಯಾಗುತ್ತದೆ. ಅದನ್ನು ರೂಪಿಸಿದ ಇಬ್ಬರು ಡಿಜೆಗಳಲ್ಲಿ ಒಬ್ಬರಾದ ಲೂಯಿ ವೇಗಾ, ಮೇಲೆ ಹೇಳಿದ ಹೆಕ್ಟರ್ ಲವೋ ಅವರ ಸೋದರಳಿಯ. ಪುಎಂಟೆ, ಪಾಲ್ಮಿಯೆರಿ ಇಬ್ಬರೂ ಇದರಲ್ಲಿ ನುಡಿಸಿದ್ದಾರೆ. ಸಾಲ್ಸಾದಿಂದ ನೇರವಾಗಿ ಇದಕ್ಕೆ ಗತಿ ಹೊಂದಿಸಲು ಹೋಗದೆ, ನಡುವೆ ನಿಮಿಷಕ್ಕೆ 125ರ ಆಸುಪಾಸಿನ ಮೆರೆಂಗೆಯೊಂದನ್ನು ಇಡಿ. ಅಲ್ಲಿಂದ ಹೌಸ್‌ಗೆ ದಾಟುವಾಗ ಕಾಂಗಾ ಮಾತ್ರ ನುಡಿಯುವ ತುಣುಕನ್ನು ಆರಿಸಿಕೊಂಡರೆ ಕಾಲುಗಳು ನಿಲ್ಲುವುದಿಲ್ಲ.